ಏಣಿಯ ಬುಡದಲ್ಲೊಂದು ಮೂಗು

ಬೀದಿ ಇನ್ನೂ ಎದ್ದಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ, ಅಷ್ಟೆ. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಲೈಟು ಉರಿಯುತ್ತಿದೆ. ನೆಲದ ಮೇಲೆ ಉದ್ದನೆಯ ಹಲಗೆ, ಅದರ ಮೇಲೆ ಮುಚ್ಚಳಕ್ಕೆ ತೂತು ಹೊಡೆದ ತಗಡಿನ ಡಬ್ಬಿಗಳ ಸಾಲು. ಒಂದು ಕಿವಿ ಮಡಿಚಿಕೊಂಡ ಕಂದು ನಾಯಿಯೊಂದು ಡಬ್ಬಿಯಿಂದ ಡಬ್ಬಿಗೆ ಮೂಸುತ್ತ ನಡೆಯುತ್ತಿದೆ. ಇದಕ್ಕೆ ಪಾಠ ಹೇಳಬೇಕಾದ ಟೀಚರು ಎಲ್ಲಿ ಅಂತೀರಾ? ಪಕ್ಕದ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಮನೆಪಾಠ ಬರೆಯದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಿಂತಿದ್ದಾರೆ.

ಕೋಣೆಯೊಳಗಿಂದ ಬೊಗಳುವ ಸದ್ದು. ಟೀಚರು ಅಲುಗುವುದಿಲ್ಲ. ಅಂಗಡಿಯ ಕಡೆಯಿಂದ ಅವರ ಗಂಡ, ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಬಂದು, ನಾಯಿ ಯಾವ ಡಬ್ಬಿಯ ಎದುರು ಕೂತಿದೆಯೋ ಅದನ್ನು ಎತ್ತಿ ತಳ ನೋಡುತ್ತಾರೆ. ಜೇಬಿನಿಂದ ಬೇಯಿಸಿದ ಮಾಂಸದ ಚೂರೊಂದನ್ನು ತೆಗೆದು, ಮಾರು ದೂರದಿಂದಲೇ ಎಸೆಯುತ್ತಾರೆ. "ಸರಿ ಇದೆ ಕಣೇ," ಎಂದು ಅಡುಗೆಮನೆಗೆ ಕೇಳುವಂತೆ ಕೂಗಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ನಾಯಿ ಎಂದರೆ ಅವರಿಗೆ ಅಷ್ಟಕ್ಕಷ್ಟೆ.

ಬೀದಿಯವರ ಬಾಯಲ್ಲಿ ಆಕೆ 'ನಾಯಿ ಟೀಚರ್'. ಮೊದಮೊದಲು ಚುಡಾಯಿಸಲು ಇಟ್ಟ ಹೆಸರು. ಈಗ ಕೊರಿಯರ್‌ನವರು ಮನೆ ಹುಡುಕಿಕೊಂಡು ಬಂದಾಗಲೂ ಅದೇ ಹೆಸರು ಕೇಳುತ್ತಾರೆ. ಐವತ್ತು ದಾಟಿದ, ಸಣಕಲು ಮೈಯ, ಮಾತಿಗಿಂತ ನಗುವೇ ಜಾಸ್ತಿಯಿರುವ ಹೆಂಗಸು. ಸುವಾಸನೆಯ ಸೋಪು ಹಾಕುವುದಿಲ್ಲ, ಪೌಡರು ಹಚ್ಚುವುದಿಲ್ಲ, ತಲೆಗೆ ಎಣ್ಣೆಯಿಲ್ಲ. "ಮದುವೆ ಮನೆಗೂ ಹೀಗೇ ಬರ್ತೀರಾ ಅತ್ತಿಗೆ ಅಂತ ನಾದಿನಿ ಕೇಳ್ತಾಳೆ. ಹೂಂ ಕಣಮ್ಮ, ಹೀಗೇನೇ. ನಾನು ಘಮಘಮ ಅಂತಿದ್ರೆ ನನ್ನ ಮಕ್ಳಿಗೆ ಕೆಲಸ ಕೆಡುತ್ತೆ," ಎನ್ನುತ್ತಾರೆ. ಮಕ್ಕಳು ಎಂದರೆ ನಾಯಿಗಳೇ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಮಕ್ಕಳು ಕಳ್ಳರನ್ನು ಹಿಡಿಯುವವರಲ್ಲ, ಎಸೆದ ಚೆಂಡು ತಂದುಕೊಡುವವರೂ ಅಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರ ರಕ್ತದಲ್ಲಿ ಒಮ್ಮೊಮ್ಮೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದುಬಿಡುತ್ತದೆ. ಹಾಗೆ ಇಳಿಯುವಾಗ ಅವರ ಉಸಿರು, ಬೆವರುಗಳ ವಾಸನೆ ಕೊಂಚ ಬದಲಾಗುತ್ತದೆ. ನಮ್ಮ ನಿಮ್ಮ ಮೂಗಿಗೆ ಅದು ನಿಲುಕುವ ಮಾತಲ್ಲ. ಕಲಿಸಿದರೆ ನಾಯಿಯ ಮೂಗಿಗೆ ನಿಲುಕೀತು. ಸಾಮಾನ್ಯವಾಗಿ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಡೆಯಲಾರದ ಹಸಿವಾಗುತ್ತದೆ. ಕಾಯಿಲೆ ತೀರಾ ಹಳೆಯದಾದ ಕೆಲವರಿಗೆ ಈ ಮುನ್ಸೂಚನೆಗಳೇ ನಿಂತುಹೋಗುತ್ತವೆ. ಮಾತಾಡುತ್ತ ಮಾತಾಡುತ್ತಲೇ ಕುಸಿದುಬೀಳುತ್ತಾರೆ. ಅಂಥವರ ಪಕ್ಕದಲ್ಲಿ ಕೂತು, ವಾಸನೆ ಬದಲಾದ ಕೂಡಲೇ ಎಬ್ಬಿಸುವುದು ಟೀಚರ ಶಿಷ್ಯರ ಕೆಲಸ.

ಟೀಚರ ಬಳಿಗೆ ಜನರನ್ನು ಕಳಿಸುವ ಡಾಕ್ಟರಮ್ಮ ಈ ವಿಷಯದಲ್ಲಿ ಅಳೆದು ತೂಗಿ ಮಾತಾಡುತ್ತಾರೆ. "ನಾಯಿ ಸಕ್ಕರೆ ಅಳೆಯೋ ಮೀಟರ್ ಅಲ್ಲ. ಎಲ್ಲಾ ನಾಯಿಗೂ ಇದು ಬರಲ್ಲ, ಬಂದ ನಾಯಿನೂ ಪ್ರತಿ ಸಲ ಹೇಳುತ್ತೆ ಅಂತ ನಾನು ಬರೆದುಕೊಡಲ್ಲ. ಆದ್ರೆ 'ಏಳು, ಬೆರಳು ಚುಚ್ಚಿ ನೋಡ್ಕೋ' ಅಂತ ಮೂತಿ ಹಾಕಿ ತಿವಿಯೋ ಜೀವ ಒಂದು ಮನೇಲಿದ್ರೆ ಯಾರಿಗೆ ಬೇಡ ಹೇಳಿ?" ನಾಯಿ ಸಾಕಿದ ಮೇಲೆ ನಡೆದಾಡಲು ಶುರುಮಾಡಿದವರು, ಬಿಪಿ ಹತೋಟಿಗೆ ಬಂದವರು, ಮನೆಯಲ್ಲಿ ಮಾತಾಡಲು ಒಬ್ಬರಿದ್ದಾರೆಂದು ಹೊತ್ತಿಗೆ ಸರಿಯಾಗಿ ಊಟ ಮಾಡುವವರು ಅವರ ರೋಗಿಗಳಲ್ಲಿ ಬೇಕಾದಷ್ಟಿದ್ದಾರಂತೆ. "ಮಾತ್ರೆ ಬರೆದಷ್ಟು ಸುಲಭವಾಗಿ ನಾಯಿ ಬರೆಯೋಕಾಗಲ್ಲ, ಅದೇ ಕಷ್ಟ," ಎಂದು ನಗುತ್ತಾರೆ.

ಟೀಚರು ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬೈಗುಳ ತಿನ್ನುವುದು. ಅವರ ವಾರ್ಡಿನಲ್ಲಿ ಒಬ್ಬ ಅಜ್ಜ ಊಟ ಬಿಟ್ಟು ಗೋಡೆ ನೋಡುತ್ತ ಮಲಗಿಬಿಟ್ಟಿದ್ದರು. ಮಗ ಬಂದರೂ ಅಷ್ಟೆ, ಸೊಸೆ ಬಂದರೂ ಅಷ್ಟೆ. ಕೊನೆಗೆ ಮಗ ಅಜ್ಜನ ಮುದಿ ನಾಯಿಯನ್ನು ತಂದು ಕಿಟಕಿಯಾಚೆ ನಿಲ್ಲಿಸಿದ. ಅಜ್ಜ ಎದ್ದು ಕೂತು ಮೊದಲು ಕೇಳಿದ್ದು, "ಇದಕ್ಕೆ ತಿನ್ನೋಕೆ ಹಾಕಿದ್ರೇನೋ?" ಎಂದು. ಅವತ್ತೇ ಗಂಜಿ ಕುಡಿದರು. "ನಾನು ವಾರದಿಂದ ಚಮಚ ಹಿಡ್ಕೊಂಡು ಕಾಯ್ತಿದ್ದೆ. ಆ ನಾಯಿ ಬಾಲ ಒಂದ್ಸಲ ಆಡಿಸ್ತು, ಆಗೋಯ್ತು ಕೆಲಸ. ನನಗೆ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳಲಿ," ಎನ್ನುತ್ತಾರೆ ಟೀಚರು.

ಆ ಹೊಟ್ಟೆಕಿಚ್ಚೇ ಅವರನ್ನು ಒಬ್ಬ ಮೇಷ್ಟ್ರ ಮನೆ ಬಾಗಿಲಿಗೆ ತಂದಿತು. ಪೊಲೀಸ್ ನಾಯಿಗಳಿಗೆ ತರಬೇತಿ ಕೊಟ್ಟು ನಿವೃತ್ತರಾದ ಮೇಷ್ಟ್ರು, ಬಾಂಬು ಮೂಸುವ ಮೂಗಿಗೆ ಬೆವರು ಮೂಸಲು ಕಲಿಸಲು ಹೊರಟಿದ್ದರು. ಸಹಾಯಕ್ಕೆ ಬಂದವರೆಲ್ಲ ಎರಡು ದಿನಕ್ಕೆ ಓಡಿಹೋಗುತ್ತಿದ್ದರು. ಟೀಚರು ಉಳಿದರು. ಮೇಷ್ಟ್ರು ಡಬ್ಬಿ ಜೋಡಿಸಿಡುವುದು, ಇವರು ನಾಯಿ ಹಿಡಿದುಕೊಂಡು ಬರುವುದು, ಹೀಗೆ ವರ್ಷಗಳು ನಡೆದವು. ಮೇಷ್ಟ್ರ ಮಂಡಿಗಳು ಕೈಕೊಟ್ಟು ಅವರು ಮಗಳ ಮನೆ ಸೇರಿದ ಮೇಲೆ ಡಬ್ಬಿ, ಹಲಗೆ, ನಾಯಿ ಮೂರೂ ಟೀಚರ ಪಾಲಿಗೆ ಬಂದವು.

ಪಾಲಿಗೆ ಬಂದದ್ದೇನೋ ಸರಿ, ಇಡುವುದೆಲ್ಲಿ? ಟೈಲರು ಬಟ್ಟೆಯ ಥಾನು ಇಡುತ್ತಿದ್ದ ಕೋಣೆ ಖಾಲಿಯಾಯಿತು. ಫ್ರಿಜ್ಜಿನ ಐಸ್ ಪೆಟ್ಟಿಗೆ ತುಂಬ ಬೆವರಿನ ಬಟ್ಟೆ. ಸಕ್ಕರೆ ಇಳಿದ ಹೊತ್ತಿನಲ್ಲಿ ರೋಗಿಯ ಕತ್ತಿನ ಹಿಂದೆ ಒರೆಸಿದ ಹತ್ತಿ ಬಟ್ಟೆ ಒಂದು ಕಡೆ, ಸಕ್ಕರೆ ಸರಿಯಿದ್ದಾಗ ಒರೆಸಿದ್ದು ಇನ್ನೊಂದು ಕಡೆ, ಎರಡೂ ಖಾಲಿ ಐಸ್‌ಕ್ರೀಂ ಡಬ್ಬಿಗಳಲ್ಲಿ. ಒಮ್ಮೆ ಬಂದ ನೆಂಟರೊಬ್ಬರು ಆಸೆಯಿಂದ ಡಬ್ಬಿ ತೆಗೆದು, ಚಮಚವನ್ನೂ ಹಾಕಿಬಿಟ್ಟಿದ್ದರು. "ಆಮೇಲೆ ಅವರು ನಮ್ಮನೇಲಿ ನೀರೂ ಕುಡಿದಿಲ್ಲ," ಎಂದು ಟೈಲರು ಹೇಳುತ್ತಾರೆ. ದನಿಯಲ್ಲಿ ಅಂಥ ದುಃಖವೇನೂ ಇಲ್ಲ.

ಎಲ್ಲ ನಾಯಿಯೂ ಪಾಸಾಗುವುದಿಲ್ಲ. ಒಂದಕ್ಕೆ ತಿಂಡಿಯ ಮೇಲೆ ಜೀವ, ಇನ್ನೊಂದಕ್ಕೆ ಬೆಕ್ಕು ಕಂಡರೆ ಲೋಕ ಮರೆತುಹೋಗುತ್ತದೆ. ಅಂಥವನ್ನು ಟೀಚರು ಬೀದಿಗೆ ಬಿಡುವುದಿಲ್ಲ, ಜೊತೆ ಬೇಕಾದವರಿಗೆ ಕೊಡುತ್ತಾರೆ. ಮಹಾ ಸೋಂಬೇರಿಯೊಂದು ಹೆಂಡತಿ ಕಳೆದುಕೊಂಡ ಪೋಸ್ಟ್‌ಮ್ಯಾನ್ ಒಬ್ಬರ ಮನೆ ಸೇರಿದೆ. ಬೆಳಿಗ್ಗೆ ಅದನ್ನು ಎಳೆದುಕೊಂಡು ನಡೆಯುವುದರಲ್ಲೇ ಅವರಿಗೆ ಸಾಕಾಗುತ್ತದಂತೆ, ಒಳ್ಳೆಯ ನಿದ್ದೆ ಬರುತ್ತದಂತೆ. "ಫೇಲಾದೋರು ಮನುಷ್ಯರಿಗೆ ಬೇಡ. ನಾಯಿಗಳಲ್ಲಿ ಹಾಗಿಲ್ಲ, ಫೇಲಾದೋರಿಗೂ ಕೆಲಸ ಇದೆ," ಎನ್ನುವುದು ಟೀಚರ ಮಾತು.

ಕಂದು ನಾಯಿಯ ಹೆಸರು ಬಟನ್. ಮರಿಯಿದ್ದಾಗ ಅಂಗಡಿಗೆ ನುಗ್ಗಿ ಕೋಟಿನ ಗುಂಡಿ ನುಂಗಿ, ಮರುದಿನ ಭದ್ರವಾಗಿ ಹಿಂದಿರುಗಿಸಿದ್ದಕ್ಕೆ ಬಂದ ಹೆಸರು. ಜಾತಿ ನಾಯಿಯಲ್ಲ, ಬೀದಿಯದು. ಮೇಷ್ಟ್ರು ಹೋದ ಮೇಲೆ ಟೀಚರು ಒಬ್ಬರೇ ತಯಾರು ಮಾಡಿದ ಮೊದಲ ಶಿಷ್ಯ. ಅವನು ಹೋಗಬೇಕಾದ ಮನೆ ಇಬ್ಬರು ಅಕ್ಕತಂಗಿಯರದು.

ಅಕ್ಕ ಬೋರ್ಡ್ ಬರೆಯುವ ಪೇಂಟರ್. ಊರೆಲ್ಲ ಪ್ಲಾಸ್ಟಿಕ್ಕಿನ ಅಚ್ಚು ಬೋರ್ಡು ಬಂದರೂ ಅಂಗಡಿಯ ಗೋಡೆ, ಶಟರುಗಳ ಮೇಲೆ ಕೈಬರಹವೇ ಬೇಕೆನ್ನುವವರು ಇನ್ನೂ ಇದ್ದಾರೆ. ಅವರು ಏಣಿ ಹತ್ತಿದರೆ ಇಳಿಯುವುದು ಊಟಕ್ಕೆ. ತಂಗಿ ಬಸ್ ಕಂಡಕ್ಟರ್. ಅಕ್ಕನಿಗೆ ಸಕ್ಕರೆ ಕಾಯಿಲೆ ಚಿಕ್ಕಂದಿನಿಂದ ಇದೆ, ಮುನ್ಸೂಚನೆಗಳು ನಿಂತು ಬಹಳ ಕಾಲವಾಗಿದೆ. ಸಕ್ಕರೆ ಇಳಿದರೆ ಕೂಗಿ ಎಚ್ಚರಿಸುವ, ತೋಳಿಗೆ ಅಂಟಿಸುವ ಯಂತ್ರ ತಂದುಕೊಟ್ಟರೆ ಅದರ ಅಂಟಿಗೆ ಚರ್ಮವೆಲ್ಲ ಬೊಬ್ಬೆ ಎದ್ದಿತು. ಕಳೆದ ವರ್ಷ ಹೋಟೆಲೊಂದರ ಬೋರ್ಡು ಬರೆಯುತ್ತಿದ್ದಾಗ ಸಕ್ಕರೆ ಇಳಿದು, ಏಣಿಯಿಂದ ಬಿದ್ದು ಮಣಿಕಟ್ಟು ಮುರಿಯಿತು. ಅಂದಿನಿಂದ ತಂಗಿ ರಜೆ ಹಾಕಿ ಏಣಿಯ ಬುಡದಲ್ಲಿ ನಿಂತಿದ್ದಾಳೆ.

"ಬಸ್ ತುಂಬ ಜನರನ್ನ ಸಂಭಾಳಿಸಿದೋಳು ನಾನು. ಇವಳೊಬ್ಬಳನ್ನ ಸಂಭಾಳಿಸೋಕಾಗ್ತಿಲ್ಲ," ಎನ್ನುತ್ತಾಳೆ ತಂಗಿ.

"ಯಾರು ಹೇಳಿದ್ರು ಸಂಭಾಳಿಸು ಅಂತ? ನೀನು ಕೆಳಗೆ ನಿಂತು ಗುರ್ ಅಂತ ನೋಡ್ತಿದ್ರೆ ನನ್ನ ಕೈ ಓಡಲ್ಲ," ಎನ್ನುತ್ತಾರೆ ಅಕ್ಕ.

"ಹಂಗಾದ್ರೆ ಏಣಿ ಬಿಡು. ನೆಲದ ಮೇಲಿಟ್ಟು ಬರೆಯೋ ಬೋರ್ಡ್ ಮಾತ್ರ ಒಪ್ಕೋ."

"ಏಣಿ ಹತ್ತದೇ ಇರೋ ಪೇಂಟರ್ ಅಂದ್ರೆ ನೀರಿಗಿಳಿಯದ ಮೀನು ಕಣೇ. ನೀನು ಬಸ್ ಹತ್ತದೇ ಟಿಕೆಟ್ ಹರಿ ನೋಡೋಣ!"

ತಮಾಷೆಯ ಮಾತಿಗೆ ತಂಗಿ ನಗುವುದಿಲ್ಲ. ಡಿಪೋದವರು ಈ ರಜೆ ಮುಗಿದ ಮೇಲೆ ಮತ್ತೆ ಮುಂದುವರಿಸುವುದಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಅವಳು ಬಸ್ಸಿಗೆ ಮರಳಿದರೆ ಏಣಿಯ ಬುಡ ಖಾಲಿ. ಏಣಿಯ ಬುಡದಲ್ಲೇ ನಿಂತರೆ ಕೆಲಸ ಹೋಯಿತು. ಒಬ್ಬರ ಬದುಕು ಉಳಿಯಬೇಕಾದರೆ ಇನ್ನೊಬ್ಬರದು ಬಿಡಬೇಕು. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಅನ್ನದ ತಟ್ಟೆ ಅರ್ಧಕ್ಕೇ ಪಕ್ಕಕ್ಕೆ ಸರಿಯುತ್ತಿತ್ತು. ಡಾಕ್ಟರಮ್ಮ ಟೀಚರ ವಿಳಾಸ ಕೊಟ್ಟದ್ದು ಆಗ.

ತಂಗಿ ತಿಂಗಳುಗಟ್ಟಲೆ ಅಕ್ಕನ ಬೆವರಿನ ಬಟ್ಟೆ ಒಟ್ಟುಮಾಡಿ ತಂದುಕೊಟ್ಟಳು. ಬಟನ್ ಕಲಿತ, ಅದೂ ಎಂಥ ಕಲಿಕೆ! ಯಾವ ಡಬ್ಬಿಯಲ್ಲಿಟ್ಟರೂ ತಪ್ಪಿಲ್ಲ. ಏಣಿಯ ಮೊದಲ ಮೆಟ್ಟಿಲ ಮೇಲೆ ಮುಂಗಾಲಿಟ್ಟು ಬೊಗಳುವುದನ್ನೂ ಟೀಚರು ಕಲಿಸಿದರು. ಮೇಷ್ಟ್ರಿಗೆ ಫೋನ್ ಮಾಡಿ, "ನಿಮ್ಮ ಕಾಲದಲ್ಲೂ ಇಂಥ ನಾಯಿ ಬಂದಿರಲಿಲ್ಲ ಸಾರ್," ಎಂದು ಜಂಭ ಕೊಚ್ಚಿಕೊಂಡರು. ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಬಟನ್ ಅಕ್ಕತಂಗಿಯರ ಮನೆಗೆ ಹೋದ ಎರಡನೆಯ ಬೆಳಿಗ್ಗೆಯೇ ಬಣ್ಣ ಬಯಲಾಯಿತು. ಅಕ್ಕ ಬೇಕರಿಯೊಂದರ ಗೋಡೆಯ ಮೇಲೆ ಅಂಚಿನ ಪಟ್ಟಿ ಎಳೆಯುತ್ತಿದ್ದರು. ನೂಲು ಹಿಡಿದ ಹಾಗೆ ಹೋಗುವ ಅವರ ಗೆರೆ ಮೆಲ್ಲಗೆ ಕೆಳಕ್ಕೆ ವಾಲತೊಡಗಿತು. ಅಕ್ಕನ ಗೆರೆ ವಾಲಿದರೆ ಸಕ್ಕರೆ ಇಳಿದಿದೆ ಎಂದೇ ಅರ್ಥ. ಅಷ್ಟು ದಿನ ಕೆಳಗೆ ನಿಂತು ಅವಳು ಕಲಿತ ವಿದ್ಯೆ ಅದೊಂದೇ. ಓಡಿಹೋಗಿ, ಸೊಂಟ ಹಿಡಿದು ಇಳಿಸಿ, ಬಾಯಿಗೆ ಸಕ್ಕರೆ ನೀರು ಹೊಯ್ದಳು. ಬಟನ್ ಏಣಿಯ ಬುಡದಲ್ಲೇ ಇದ್ದ. ಕಿವಿ ನಿಮಿರಿಸಿಕೊಂಡು ರಸ್ತೆಯ ಕಡೆ ನೋಡುತ್ತಿದ್ದ, ಅಷ್ಟೆ.

ಅಕ್ಕತಂಗಿ ಇಬ್ಬರೂ ನಾಯಿಯನ್ನು ವಾಪಸು ಕರೆತಂದರು. ಬೈಯಲಿಲ್ಲ, ದೂರಲಿಲ್ಲ. ಅಕ್ಕ, "ಪಾಪ, ಅದಕ್ಕೆ ನನ್ನ ಟರ್ಪೆಂಟೈನ್ ವಾಸನೆ ತಲೆ ಕೆಡಿಸಿರ್ಬೇಕು ಟೀಚರ್," ಎಂದು ಟೀಚರಿಗೇ ಸಮಾಧಾನ ಹೇಳಿದರು. ತಂಗಿ ಬಾಗಿಲ ಹತ್ತಿರ ಬಟನ್‌ನ ತಲೆ ಸವರಿ, ಕಣ್ಣು ಒರೆಸಿಕೊಂಡು ಹೋದಳು. "ಅವಳು ಬೈದಿದ್ರೆ ಚೆನ್ನಾಗಿತ್ತು. ಹಾಗೆ ಸುಮ್ಮನೆ ಹೋದದ್ದು ನೋಡಿ ನನಗೆ ಅನ್ನ ಇಳೀಲಿಲ್ಲ," ಎನ್ನುತ್ತಾರೆ ಟೀಚರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಟೀಚರೂ ಅದನ್ನೇ ಮಾಡಿದರು. ಟರ್ಪೆಂಟೈನ್ ತಂದು, ಚಿಂದಿಗೆ ಸುರಿದು, ಕೋಣೆಯ ನಾಲ್ಕು ಮೂಲೆಗೂ ಇಟ್ಟರು. ಅಂಗಡಿಗೆ ಬಂದ ಗಿರಾಕಿಗಳು ಮೂಗು ಮುಚ್ಚಿಕೊಂಡರು, ಹೊಲಿದ ಬಟ್ಟೆಗೂ ಅದೇ ವಾಸನೆ ಹತ್ತಿತು, ಟೈಲರು ರೇಗಾಡಿದರು. ಆದರೆ ಬಟನ್ ಒಂದು ಡಬ್ಬಿಯಲ್ಲೂ ತಪ್ಪಲಿಲ್ಲ. ಅಂದ ಮೇಲೆ ದೋಷ ವಾಸನೆಯದಲ್ಲ. ಹಾಗಾದರೆ ಯಾರದು?

ಕಂಡುಹಿಡಿದದ್ದು ಟೈಲರು. ವಾಸನೆಗೆ ಜಗಳವಾಡಲು ಬಂದವರು ಬಾಗಿಲಲ್ಲಿ ನಿಂತು ಪಾಠ ನೋಡಿದರು. ಇನ್ನೊಂದು ಸಲ ಮಾಡು ಎಂದರು. ಟೀಚರು ಮಾಡಿದರು. ಮತ್ತೊಂದು ಸಲ ಎಂದರು.

"ಅದು ಡಬ್ಬಿ ನೋಡ್ತಿಲ್ಲ ಕಣೇ, ನಿನ್ನ ನೋಡ್ತಿದೆ."

"ಏನ್ರೀ ಹಾಗಂದ್ರೆ? ಮೂಸ್ತಿಲ್ವಾ ಅವನು?"

"ಮೂಸುತ್ತೆ. ಒಂದೊಂದು ಡಬ್ಬಿ ಮೂಸಿ ನಿನ್ನ ಮುಖ ನೋಡುತ್ತೆ. ಸರಿಯಾದ ಡಬ್ಬಿ ಹತ್ರ ಬಂದಾಗ ನೀನು ಉಸಿರು ಬಿಗಿ ಹಿಡೀತೀಯ. ಇದೇ ಇದೇ, ಕೂತ್ಕೋ ಅನ್ನೋ ಹಾಗೆ. ಸೊಂಟದ ಅಳತೆ ತಗೊಳ್ಳೋವಾಗ ನನ್ನ ಗಿರಾಕಿಗಳೆಲ್ಲ ಮಾಡೋದು ಇದನ್ನೇ. ದಿನಾ ನೋಡ್ತೀನಿ, ನನಗೆ ಗೊತ್ತಾಗಲ್ವಾ?"

ಟೀಚರು ಒಪ್ಪಲಿಲ್ಲ, ವಾದ ಮಾಡಿದರು. ಕೊನೆಗೆ ಪರೀಕ್ಷೆಯೇ ಆಗಲಿ ಎಂದು, ಯಾವ ಬಟ್ಟೆ ಯಾವ ಡಬ್ಬಿಯಲ್ಲಿದೆಯೆಂದು ತಮಗೆ ಗೊತ್ತಾಗದಂತೆ ಗಂಡನಿಂದಲೇ ಜೋಡಿಸಿ, ಇಬ್ಬರೂ ಕೋಣೆಯಿಂದ ಆಚೆ ಬಂದು ಪರದೆ ಎಳೆದರು. ಬಟನ್ ಈ ತುದಿಯಿಂದ ಆ ತುದಿಗೆ ನಡೆದ. ತಿರುಗಿ ಬಂದ. ಯಾವ ಡಬ್ಬಿಯ ಎದುರೂ ಕೂರಲಿಲ್ಲ. ಆಮೇಲೆ ಪರದೆಯ ಕೆಳಗೆ ಮೂತಿ ತೂರಿಸಿ, ಟೀಚರ ಕಾಲು ಮೂಸಿ, ಅಲ್ಲೇ ಕೂತುಬಿಟ್ಟ.

"ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು," ಎನ್ನುತ್ತಾರೆ ಟೀಚರು. "ಮೇಷ್ಟ್ರಿದ್ದಾಗ ಡಬ್ಬಿ ಇಡೋರು ಅವರು, ನಾಯಿ ಹಿಡಿಯೋಳು ನಾನು. ಯಾವುದರಲ್ಲಿ ಏನಿದೆ ಅಂತ ನನಗೆ ಗೊತ್ತೇ ಇರ್ತಿರಲಿಲ್ಲ. ಒಬ್ಬಳೇ ಆದ್ಮೇಲೆ ಎರಡನ್ನೂ ನಾನೇ ಮಾಡ್ದೆ. ಅವನಿಗೆ ನಾನು ಕಲಿಸಿದ್ದು ಸಕ್ಕರೆ ವಾಸನೆ ಅಲ್ಲ, ನನ್ನ ಉಸಿರು. ಅವನ ತಪ್ಪೇನು? ನಾನು ಏನು ಕೇಳಿದ್ನೋ ಅದನ್ನೇ ಕೊಟ್ಟ. ಆದ್ರೆ ಅಲ್ಲಿ ಒಬ್ರು ಏಣಿಯಿಂದ ಬಿದ್ದು ಸಾಯ್ತಿದ್ರಲ್ಲಪ್ಪ!" ಆವತ್ತು ಅವರು ಡಬ್ಬಿಗಳ ನಡುವೆ ಕೂತು ಅತ್ತರು. ನಾಯಿ ಕಂಡರಾಗದ ಟೈಲರು ಹೆಂಡತಿಯ ಪಕ್ಕ ಕೂತು, ಜೀವನದಲ್ಲಿ ಮೊದಲ ಸಲ ನಾಯಿಯ ತಲೆ ತಟ್ಟಿದರು.

ಮರುದಿನವೇ ಟೀಚರು ಅಕ್ಕತಂಗಿಯರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಇನ್ನೊಂದು ಅವಕಾಶ ಕೇಳಿದರು. ತಂಗಿ ಅವರನ್ನು ಬೀದಿಯ ತಿರುವಿನವರೆಗೆ ಬಿಡಲು ಬಂದಳು. "ರಜೆ ಮುಗಿಯೋವರೆಗೂ ನೋಡ್ತೀನಿ ಟೀಚರ್. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನಾನು ಕೆಲಸ ಬಿಡ್ತೀನಿ. ಅಕ್ಕನಿಗೆ ಈಗಲೇ ಹೇಳ್ಬೇಡಿ," ಎಂದಳು.

ಆಗಿನಿಂದ ಬೆಳಿಗ್ಗೆಯ ಪಾಠ ಹೀಗಿದೆ: ಡಬ್ಬಿ ಜೋಡಿಸುವುದು ಟೈಲರು, ಜೋಡಿಸಿ ಅಂಗಡಿಗೆ ಹೋಗುವುದು, ಟೀಚರು ಅಡುಗೆಮನೆಯ ಗೋಡೆ ನೋಡುವುದು. ಇದರಲ್ಲೂ ಒಂದು ಎಡವಟ್ಟಾಯಿತು. ಗುರುತು ಸಿಗಲೆಂದು ಟೈಲರು ಸರಿಯಾದ ಡಬ್ಬಿಯ ತಳಕ್ಕೆ ಬಟ್ಟೆ ಕತ್ತರಿಸುವಾಗ ಬಳಸುವ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದರು. ಮೂರೇ ದಿನದಲ್ಲಿ ಬಟನ್ ಸೀಮೆಸುಣ್ಣದಲ್ಲಿ ಪಂಡಿತನಾದ. ಅಂಗಡಿಯ ಕತ್ತರಿಸುವ ಮೇಜಿನೆದುರು ಹೋಗಿ ಕೂತು ಬೊಗಳುವುದು, ಮಾಂಸ ಕೇಳುವುದು. ಗಂಡಹೆಂಡತಿ ನಕ್ಕು ನಕ್ಕು ಸುಸ್ತಾದರು. ಈಗ ಎಲ್ಲ ಡಬ್ಬಿಯ ತಳಕ್ಕೂ ಸೀಮೆಸುಣ್ಣ ಇದೆ, ಗೀಟಿನ ಆಕಾರ ಮಾತ್ರ ಬೇರೆ.

ಬಟನ್ ಎಲ್ಲವನ್ನೂ ಮರೆತು ಮೊದಲಿನಿಂದ ಕಲಿಯಬೇಕಾಯಿತು. ಯಾರ ಮುಖವೂ ಸಿಗದ ಕೋಣೆಯಲ್ಲಿ ಮೊದಮೊದಲು ಕುಂಯ್‌ಗುಟ್ಟುತ್ತಿದ್ದ. ಆಚೆ ನಿಂತ ಟೀಚರು ಬಾಗಿಲ ಚಿಲಕಕ್ಕೆ ಕೈ ಹಾಕುತ್ತಿದ್ದರು. ಆದರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಬೊಗಳಿದ. ಟೈಲರು ಬಂದು ನೋಡಿದರೆ ಸರಿಯಾದ ಡಬ್ಬಿ. ಮರುದಿನ ಮತ್ತೆ ಸರಿ. ಆಮೇಲೊಂದು ದಿನ ತಪ್ಪು, ಮತ್ತೆ ಸರಿ.

ರಜೆ ಮುಗಿಯಲು ಕೆಲವು ವಾರಗಳಿದ್ದಾಗ ಬಟನ್ ಮತ್ತೆ ಅಕ್ಕತಂಗಿಯರ ಮನೆ ಸೇರಿದ್ದಾನೆ. ಮನೆಯಲ್ಲಿ, ತಂಗಿಯ ಕಣ್ಣೆದುರೇ, ಟೀವಿ ನೋಡುತ್ತ ಕೂತ ಅಕ್ಕನ ಮಂಡಿಗೆ ಮೂತಿ ತಿವಿದು ಕೆಲವು ಸಲ ಎಬ್ಬಿಸಿದ್ದಾನೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನಿಜವಾಗಿಯೂ ಇಳಿದಿತ್ತು. ಒಂದೆರಡು ಸಲ ಅವನು ಹೇಳುವ ಮೊದಲೇ ತಂಗಿಗೆ ಗೊತ್ತಾದದ್ದೂ ಇದೆ. ಆದರೆ ಏಣಿಯ ಬುಡದಲ್ಲಿ, ತಂಗಿಯಿಲ್ಲದೆ? ಅದು ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮ ಷರತ್ತು ಹಾಕಿದ್ದಾರೆ: ಸೊಂಟಕ್ಕೆ ಬೀಳದಂತೆ ಕಟ್ಟುವ ಬೆಲ್ಟು, ಜೇಬಿನಲ್ಲಿ ಮೀಟರು, ಸಕ್ಕರೆ ಪೊಟ್ಟಣ, ಹತ್ತಿರದಲ್ಲಿ ಒಬ್ಬರು ಗೊತ್ತಿರುವವರು.

ತಂಗಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಅಕ್ಕನಿಗೆ ಸಿಕ್ಕಿರುವುದು ಒಂದು ಔಷಧಿ ಅಂಗಡಿಯ ಬೋರ್ಡು. ವಾಹನ ಬಾರದ ಗಲ್ಲಿ. ಅಂಗಡಿಯವರು ಕಣ್ಣಿಟ್ಟಿರುತ್ತೇನೆ ಎಂದಿದ್ದಾರೆ. ಟೀಚರಿಗೆ ಮನೆಯಲ್ಲಿ ಕೂರಲಾಗದೆ, ಎದುರಿನ ಜೆರಾಕ್ಸ್ ಅಂಗಡಿಯ ಗಾಜಿನ ಬಾಗಿಲ ಹಿಂದೆ ನಿಂತಿದ್ದಾರೆ. ಬಟನ್‌ಗೆ ತಾನು ಕಾಣಬಾರದು, ಕಂಡರೆ ಎಲ್ಲ ಮಣ್ಣುಪಾಲು. ಅಕ್ಕ ಏಣಿಯ ತುದಿಯಲ್ಲಿ, ಬಾಯಲ್ಲಿ ಒಂದು ಬ್ರಷ್ಷು, ಕೈಯಲ್ಲಿ ಇನ್ನೊಂದು. ಬಟನ್ ಕೆಳಗೆ ನೆರಳಿನಲ್ಲಿ ಮಲಗಿದ್ದಾನೆ.

ಯಾರೋ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಬಟನ್ ತಲೆ ಎತ್ತುತ್ತಾನೆ. ನಾಯಿ ಟೀಚರ ಮೈಗೆ ವಾಸನೆಯೇ ಇಲ್ಲವೆಂದು ನಂಬಿರುವುದು ಟೀಚರೊಬ್ಬರೇ. ಬಾಲ ಆಡಿಸುತ್ತ ಎದ್ದು, ಒಂದೇ ನೆಗೆತಕ್ಕೆ ಗಲ್ಲಿಯ ಅರ್ಧ ದಾಟಿ ಬರುತ್ತಾನೆ. ಟೀಚರು ಗಾಜಿನ ಬಾಗಿಲಿನಿಂದ ಹಿಂದೆ ಸರಿಯುತ್ತಾರೆ. ಕೆಡಿಸಿದೆನಲ್ಲ, ನಾನೇ ಬಂದು ಕೆಡಿಸಿದೆನಲ್ಲ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಾಲಿಗೆ ಅವನ ಮೂಗು ತಾಗುವುದನ್ನೇ ಕಾಯುತ್ತಾರೆ. ತಾಗುವುದಿಲ್ಲ.

ಕಣ್ಣು ಬಿಟ್ಟರೆ ಬಟನ್ ಗಲ್ಲಿಯ ನಡುವೆ ನಿಂತಿದ್ದಾನೆ. ಬಾಲ ನಿಂತಿದೆ, ಮೂಗು ಗಾಳಿಯಲ್ಲಿದೆ. ಟೀಚರ ಕಡೆ ಒಮ್ಮೆ ನೋಡುತ್ತಾನೆ. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ಓಡಿ, ಏಣಿಯ ಮೊದಲ ಮೆಟ್ಟಿಲ ಮೇಲೆ ಮುಂಗಾಲಿಟ್ಟು ಬೊಗಳುತ್ತಾನೆ.

"ಸುಮ್ನಿರೋ, ಈಗ ತಾನೇ ತಿಂಡಿ ತಿಂದಿದ್ದೀನಿ," ಎನ್ನುತ್ತಾರೆ ಅಕ್ಕ ಮೇಲಿಂದ, ಬಾಯಿಯ ಬ್ರಷ್ಷು ತೆಗೆದು. ಬಟನ್ ಸುಮ್ಮನಿರುವುದಿಲ್ಲ. "ಮುಗಿಸ್ತೀನಿ ತಡಿಯೋ ಮಹರಾಯ, ಇದೊಂದು ಗೆರೆ!" ಬಟನ್ ಎರಡನೆಯ ಮೆಟ್ಟಿಲಿಗೂ ಕಾಲು ಹಾಕುತ್ತಾನೆ. ಔಷಧಿ ಅಂಗಡಿಯವರು ಹೊರಗೆ ಬಂದು ಏಣಿ ಹಿಡಿಯುತ್ತಾರೆ. ಅಕ್ಕ ಗೊಣಗುತ್ತ ಇಳಿದು, ಜಗಲಿಯ ಮೇಲೆ ಕೂತು, ಬೆರಳು ಚುಚ್ಚಿಕೊಂಡು ಮೀಟರ್ ನೋಡುತ್ತಾರೆ. ಗೊಣಗು ನಿಲ್ಲುತ್ತದೆ. ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡು, ಒಂದು ಕೈಯಿಂದ ಬಟನ್‌ನನ್ನು ತಬ್ಬಿಕೊಂಡು, ಸಕ್ಕರೆ ಏರುವವರೆಗೆ ಕೂರುತ್ತಾರೆ. ಆಮೇಲೆ ಫೋನ್ ತೆಗೆಯುತ್ತಾರೆ. ಬಸ್ಸು ಕೊನೆಯ ನಿಲ್ದಾಣದಲ್ಲಿದ್ದಿರಬೇಕು, ತಂಗಿ ಕೂಡಲೇ ಎತ್ತುತ್ತಾಳೆ.

"ಇಳಿದಿತ್ತು ಕಣೇ. ಬಟನ್ ಹೇಳ್ದ. ತಿಂದೆ, ಈಗ ಪರವಾಗಿಲ್ಲ. ಏಯ್, ಅಳ್ಬೇಡ್ವೇ, ಪ್ಯಾಸೆಂಜರ್ ನೋಡ್ತಾರೆ. ಹೋಗು, ಟಿಕೆಟ್ ಕೊಡು."

ಟೀಚರು ಗಲ್ಲಿ ದಾಟಿ ಹೋಗುವುದಿಲ್ಲ. ಹೋಗಿ ಅವನ ಕಿವಿ ಸವರಬೇಕೆಂದು ಜೀವ ಎಳೆಯುತ್ತಿದ್ದರೂ, ಜೆರಾಕ್ಸ್ ಅಂಗಡಿಯ ಹಿಂಬಾಗಿಲಿನಿಂದ ಹೊರಟು ಮನೆಗೆ ನಡೆಯುತ್ತಾರೆ. ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಗಂಡ ಆ ಮುಖ ನೋಡಿ ಗಾಬರಿಯಾಗಿ, "ಏನಾಯ್ತೇ? ನಿನ್ನ ನೋಡಿಬಿಟ್ನಾ?" ಎಂದು ಕೇಳುತ್ತಾರೆ.

"ನೋಡಿದ ರೀ," ಎನ್ನುತ್ತಾರೆ ಟೀಚರು. "ನೋಡಿಯೂ ನನ್ನ ಬಿಟ್ಟು ಅವರ ಹತ್ರ ಹೋದ."